ದತ್ತಕವೂ ಅಚೌರ್ಯವ್ರತವೂ

ಪಂಚಾಣುವ್ರತಗಳಲ್ಲಿ ನಮ್ಮ ಶ್ರಾವಕರು ಅತ್ಯಂತ ಸುಲಭವೆಂದು ಭಾವಿಸಿರುವುದು ಅಚೌರ್ಯವನ್ನು. ನೀರು ಸೋಸುವುದರಿಂದ ಮೊದಲ್ಗೊಂಡು ರಾತ್ರಿಭೋಜನ ತ್ಯಾಗದವರೆಗೆ ಅಹಿಂಸೆಯಲ್ಲಿ ದಿನದಿನವೂ ಎಚ್ಚರವಹಿಸುವವರು, ಪರಿಗ್ರಹ ಪರಿಮಾಣವನ್ನು ವರ್ಷಕ್ಕೊಮ್ಮೆಯಾದರೂ ಲೆಕ್ಕ ಹಾಕಿ ನೋಡುವವರು, ಅಚೌರ್ಯದ ಮಾತು ಬಂದಾಗ ಮಾತ್ರ ‘ನಾವು ಯಾರ ಮನೆಗೆ ಕನ್ನ ಹಾಕಿದ್ದೇವೆ?’ ಎಂದು ನಿಶ್ಚಿಂತರಾಗಿಬಿಡುತ್ತಾರೆ. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಕಳವಿಗೆ ಹೇಳಿದ ಲಕ್ಷಣ ಕನ್ನಗಳ್ಳರಿಗಷ್ಟೇ ಸಲ್ಲುವಂತಹುದಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೆಲ್ಲವೂ, ಅಂದರೆ ಅದತ್ತಾದಾನವೆಲ್ಲವೂ, ಪ್ರಮಾದಯೋಗದಿಂದ ಕೂಡಿದ್ದಾದರೆ ಕಳವೇ. ಇಲ್ಲಿ ಪರೀಕ್ಷೆಗೆ ಒಳಗಾಗುವುದು ತೆಗೆದುಕೊಂಡವನ ಅಗತ್ಯವಲ್ಲ, ಅವನ ಒಳ್ಳೆಯತನವೂ ಅಲ್ಲ. ಕೊಡತಕ್ಕವರು ಕೊಟ್ಟರೇ ಇಲ್ಲವೇ ಎಂಬುದೊಂದೇ.

‘ದತ್ತ’ ಎಂಬ ಅದೇ ಮಾತು ದತ್ತಕದಲ್ಲಿಯೂ ಇದೆ. ದತ್ತಕನೆಂದರೆ ಕೊಡಲ್ಪಟ್ಟವನು. ಹಾಗಾದರೆ ಕೊಟ್ಟವರು ಯಾರು, ಏನನ್ನು ತಿಳಿದು ಕೊಟ್ಟರು, ಕೊಡದೆ ಇರಲು ಅವರಿಗೆ ಅವಕಾಶವಿತ್ತೇ ಎಂದು ಕೇಳುವುದು ಅಚೌರ್ಯವ್ರತಿಗೆ ತಪ್ಪಿದ್ದಲ್ಲ.

ನಮ್ಮ ಸಮಾಜದಲ್ಲಿ ದತ್ತಕ ಹೊಸದೇನೂ ಅಲ್ಲ. ಆದರೆ ನಮ್ಮಲ್ಲಿ ಅದರ ನೆಲೆ ಬೇರೆ. ಪಿಂಡಪ್ರದಾನದಿಂದ ಪಿತೃಗಳಿಗೆ ಸದ್ಗತಿಯಾಗುವುದೆಂಬ ನಂಬಿಕೆ ನಮಗಿಲ್ಲ. ಜೀವವು ತನ್ನ ಕರ್ಮವನ್ನು ತಾನೇ ಅನುಭವಿಸಿ ತಾನೇ ನಿರ್ಜರಿಸಿಕೊಳ್ಳತಕ್ಕದ್ದು, ಮಗನಿಂದ ತಂದೆಗೆ ಮೋಕ್ಷವಿಲ್ಲ. ಜೈನರಲ್ಲಿ ದತ್ತಕವು ಲೌಕಿಕ ವ್ಯವಹಾರವೇ ಹೊರತು ಪಾರಲೌಕಿಕ ಕ್ರಿಯೆಯಲ್ಲವೆಂಬುದನ್ನು ಆಂಗ್ಲರ ಕಾಲದ ನ್ಯಾಯಾಲಯಗಳೂ ಗುರುತಿಸಿದ್ದವು. ಜೈನ ವಿಧವೆಯು ಗಂಡನ ಅನುಮತಿಯಿಲ್ಲದೆಯೇ ದತ್ತು ತೆಗೆದುಕೊಳ್ಳಬಹುದೆಂದು ಪ್ರಿವಿ ಕೌನ್ಸಿಲ್ ೧೮೭೮ರಲ್ಲಿಯೇ ತೀರ್ಪಿತ್ತಿತು. ಪಿಂಡದ ಕಾರಣ ಹೋದ ಮೇಲೆ ಉಳಿಯುವುದು ಎರಡೇ: ಆಸ್ತಿಗೊಬ್ಬ ವಾರಸುದಾರ ಬೇಕೆಂಬ ಆಸೆ, ಅಥವಾ ಅನುಕಂಪೆ. ಮೊದಲನೆಯದು ಪರಿಗ್ರಹದ ವಿಸ್ತಾರ ಮಾತ್ರ. ಅದರ ವಿಚಾರ ಈಗ ಬೇಡ. ಎರಡನೆಯದೇ ಕಠಿಣವಾದ ಪ್ರಶ್ನೆ. ಏಕೆಂದರೆ ಅನುಕಂಪೆಯಿಂದ ಹೊರಟವನು ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು ಅಪರೂಪ.

ತರ್ಕವಿನೋದಕ್ಕಾಗಿ ಈ ಪ್ರಶ್ನೆಯನ್ನೆತ್ತಿಲ್ಲ. ಹಿಂದೆ ನನ್ನಲ್ಲಿ ಓದಿದ ವಿದ್ಯಾರ್ಥಿನಿಯೊಬ್ಬಳು ಈಗ ಪತಿಯೊಡನೆ ಅಮೆರಿಕದಲ್ಲಿ ನೆಲೆಸಿದ್ದಾಳೆ. ಮಕ್ಕಳಿಲ್ಲ. ಷೋಡಶಕಾರಣ ವ್ರತವನ್ನು ಶ್ರದ್ಧೆಯಿಂದ ನಡೆಸಿಕೊಂಡು ಬಂದವರು, ಅದರ ಉದ್ಯಾಪನೆಯ ಕಾಲಕ್ಕೆ ಮಧ್ಯ ಆಫ್ರಿಕದ ಯುದ್ಧಪೀಡಿತ ದೇಶವೊಂದರ ಅನಾಥ ಶಿಶುವನ್ನು ದತ್ತು ತರಬೇಕೆಂದಿದ್ದಾರೆ. ‘ಇದು ಅಭಯದಾನವೇ ಆಗುವುದಲ್ಲವೇ, ಮೇಷ್ಟ್ರೇ?’ ಎಂದು ಬರೆದು ಕೇಳಿದ್ದಾಳೆ. ಪತ್ರದಲ್ಲಿ ಇನ್ನೊಂದು ವಾಕ್ಯವೂ ಇತ್ತು: ಊರಿನ ಹಿರಿಯರಲ್ಲೊಬ್ಬರು ‘ಯಾವ ಕುಲದ್ದೋ, ಯಾವ ಬಣ್ಣದ್ದೋ’ ಎಂದು ಮುಖ ಸಿಂಡರಿಸಿದರಂತೆ.

ಈ ಹಿರಿಯರ ಆಕ್ಷೇಪಕ್ಕೆ ಹೆಚ್ಚು ಸ್ಥಳವನ್ನು ವ್ಯಯಮಾಡುವುದಿಲ್ಲ. ಹುಟ್ಟಿನಿಂದ ಕೀಳೆನಿಸಿಕೊಂಡವನೂ ಸಮ್ಯಗ್ದರ್ಶನ ಸಂಪನ್ನನಾದರೆ ದೇವಸಮಾನನೆಂದು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಉಪದೇಶಿಸಿದ್ದಾರೆ. ಕುಲಮದವು ಅಷ್ಟಮದಗಳಲ್ಲೊಂದು, ಅದನ್ನು ಪಾಠಶಾಲೆಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸಿ, ಮನೆಯಲ್ಲಿ ಮರೆಯುವವರು ದರ್ಶನವಿಶುದ್ಧಿಯ ಮಾತನಾಡದಿರುವುದು ಲೇಸು. ಬಣ್ಣವೋ ನಾಮಕರ್ಮದ ಉದಯ. ಆಫ್ರಿಕದ ಮಗು ನಮ್ಮ ಬಸದಿಯ ಮೆಟ್ಟಿಲು ಹತ್ತಲು ಯಾವ ಅಡ್ಡಿಯೂ ಇಲ್ಲ. ಇದ್ದರೆ ಅದು ನಮ್ಮ ಮಿಥ್ಯಾತ್ವದ ಅಡ್ಡಿ.

ಅಡ್ಡಿ ಇರುವುದು ಬೇರೆಡೆ. ‘ಅನಾಥ’ ಎಂಬ ಮಾತಿನಿಂದಲೇ ಪ್ರಾರಂಭಿಸೋಣ. ಏಷ್ಯಾ, ಲ್ಯಾಟಿನ್ ಅಮೆರಿಕ ಮತ್ತು ಸಹಾರಾದ ದಕ್ಷಿಣದ ಆಫ್ರಿಕಗಳಲ್ಲಿ ೨೦೦೫ರಲ್ಲಿ ೧೩ ಕೋಟಿ ೨೦ ಲಕ್ಷಕ್ಕೂ ಮೀರಿ ಅನಾಥರಿದ್ದರೆಂದು ಯುನಿಸೆಫ್ ಲೆಕ್ಕ ಕೊಟ್ಟಿತು. ಈ ಸಂಖ್ಯೆಯನ್ನು ಕೇಳಿ ಸಿರಿವಂತ ದೇಶಗಳ ಎಷ್ಟೋ ದಂಪತಿಗಳ ಕರುಳು ಮಿಡಿಯಿತು. ಆದರೆ ಆ ಲೆಕ್ಕದಲ್ಲಿ ತಂದೆಯನ್ನೋ ತಾಯಿಯನ್ನೋ ಒಬ್ಬರನ್ನು ಕಳೆದುಕೊಂಡ ಮಗುವೂ ಅನಾಥವೇ. ಇಬ್ಬರನ್ನೂ ಕಳೆದುಕೊಂಡವರು ೧ ಕೋಟಿ ೩೦ ಲಕ್ಷದಷ್ಟು, ಅಂದರೆ ಹತ್ತರಲ್ಲೊಬ್ಬರು. ಅವರಲ್ಲಿಯೂ ಬಹುಮಂದಿ ಅಜ್ಜಿಯ ಬಳಿಯಲ್ಲೋ ಸೋದರಮಾವನ ಮನೆಯಲ್ಲೋ ಬೆಳೆಯುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ತಂದೆ ತೀರಿಕೊಂಡ ಎಷ್ಟು ಮಕ್ಕಳು ತಾಯಿಯ ತವರಿನಲ್ಲಿ ಬೆಳೆದು ದೊಡ್ಡವರಾಗಿಲ್ಲ? ಅವರನ್ನು ಯಾರಾದರೂ ‘ಅನಾಥರು’ ಎಂದು ಹೆಸರಿಸಿ ಹಡಗು ಹತ್ತಿಸಿದ್ದರೆ ನಾವು ಸುಮ್ಮನಿರುತ್ತಿದ್ದೆವೇ?

ಹಾಗೆ ಮಾಡಲು ಹೋದ ಒಂದು ಪ್ರಸಂಗ ಲೋಕವಿದಿತವಾಗಿದೆ. ೨೦೦೭ರ ಅಕ್ಟೋಬರ್ ತಿಂಗಳಲ್ಲಿ ಚಾಡ್ ದೇಶದ ಪೂರ್ವಭಾಗದ ಅಬೆಷೆ ಎಂಬ ಪಟ್ಟಣದಲ್ಲಿ ಫ್ರಾನ್ಸ್ ದೇಶದ ಒಂದು ಸೇವಾಸಂಸ್ಥೆಯವರು ೧೦೩ ಮಕ್ಕಳನ್ನು ವಿಮಾನದಲ್ಲಿ ಫ್ರಾನ್ಸಿಗೆ ಸಾಗಿಸಲು ಸಿದ್ಧರಾಗಿದ್ದರು. ನೆರೆಯ ಸುಡಾನಿನ ದಾರ್ಫರ್ ಪ್ರಾಂತದಲ್ಲಿ ಆಗ ಘೋರವಾದ ಕಲಹ ನಡೆಯುತ್ತಿತ್ತು. ಇವರು ಅಲ್ಲಿಯ ಅನಾಥರು, ಸಾವಿನ ದವಡೆಯಿಂದ ಬಿಡಿಸಿದವರು ಎಂಬುದು ಸಂಸ್ಥೆಯ ಹೇಳಿಕೆ. ಫ್ರಾನ್ಸಿನಲ್ಲಿ ಹಣ ತೆತ್ತು, ತೊಟ್ಟಿಲು ಸಿಂಗರಿಸಿ, ನೂರಾರು ಕುಟುಂಬಗಳು ಕಾದಿದ್ದವು. ಚಾಡಿನ ಅಧಿಕಾರಿಗಳು ತಡೆದರು. ವಿಶ್ವಸಂಸ್ಥೆಯವರೂ ರೆಡ್‌ಕ್ರಾಸಿನವರೂ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮಾತನಾಡಿಸಿದಾಗ ತಿಳಿದುಬಂದ ಸಂಗತಿಯೇನು? ೧೦೩ ಮಕ್ಕಳಲ್ಲಿ ೯೧ ಮಂದಿ ತಾವು ತಂದೆಯೆಂದೋ ತಾಯಿಯೆಂದೋ ಕರೆಯುವ ಹಿರಿಯರೊಬ್ಬರಾದರೂ ಇರುವ ಮನೆಯಿಂದ ಬಂದವರು. ಬಹುಪಾಲು ದಾರ್ಫರಿನವರೇ ಅಲ್ಲ, ಗಡಿಯ ಈಚೆಗಿನ ಚಾಡ್ ಹಳ್ಳಿಗಳವರು. ಹತ್ತಿರದ ಪಟ್ಟಣದಲ್ಲಿ ಶಾಲೆಗೆ ಸೇರಿಸುವೆವೆಂದು ಹೇಳಿ ಮಕ್ಕಳನ್ನು ಕರೆದೊಯ್ದರೆಂದು ತಂದೆತಾಯಿಗಳು ಹೇಳಿದರು. ಆ ವರ್ಷದ ಡಿಸೆಂಬರಿನಲ್ಲಿ ಚಾಡಿನ ನ್ಯಾಯಾಲಯ ಆರು ಮಂದಿಗೆ ಎಂಟು ವರ್ಷಗಳ ಕಠಿಣ ಶಿಕ್ಷೆ ವಿಧಿಸಿತು. ಮುಂದಿನ ಮಾರ್ಚಿನಲ್ಲಿ ಆ ದೇಶದ ಅಧ್ಯಕ್ಷರು ಕ್ಷಮಾದಾನವಿತ್ತರು.

ಗಮನಿಸತಕ್ಕ ಸಂಗತಿಯೆಂದರೆ, ಆ ಸಂಸ್ಥೆಯವರು ಮಕ್ಕಳನ್ನು ಮಾರುವ ದುಷ್ಟರಾಗಿರಲಿಲ್ಲವೆಂದೇ ಇಟ್ಟುಕೊಳ್ಳೋಣ. ದಯೆಯ ಆವೇಶ ಅವರಲ್ಲಿ ನಿಜವಾಗಿಯೂ ಇದ್ದಿರಬಹುದು. ತೊಟ್ಟಿಲು ಸಿಂಗರಿಸಿ ಕಾದ ಕುಟುಂಬಗಳಲ್ಲಂತೂ ಖಂಡಿತ ಇತ್ತು. ಆದರೂ ಆ ೧೦೩ ಮಕ್ಕಳು ದತ್ತರಲ್ಲ, ಅದತ್ತರು.

ಅಚೌರ್ಯವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ‘ವಿರುದ್ಧರಾಜ್ಯಾತಿಕ್ರಮ’ ಎಂಬುದೊಂದು. ಪಾಠ ಹೇಳುವಾಗ ಇದನ್ನು ಸಾಮಾನ್ಯವಾಗಿ ‘ರಾಜಾಜ್ಞೆಯನ್ನು ಮೀರುವುದು’ ಎಂದಷ್ಟೇ ಅರ್ಥ ಹೇಳಿ, ಸುಂಕ ತಪ್ಪಿಸುವುದು, ಕಾಳಸಂತೆ ಎಂದು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇವೆ. ಆದರೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಕೊಟ್ಟಿರುವ ವಿವರಣೆ ಬಹು ಸೂಕ್ಷ್ಮವಾದುದು. ರಾಜ್ಯದಲ್ಲಿ ವಿರೋಧ ಉಂಟಾಗಿ ವ್ಯವಸ್ಥೆ ಕೆಟ್ಟಿರುವಾಗ ಬಹುಮೂಲ್ಯದ ವಸ್ತುಗಳು ಅಲ್ಪ ಬೆಲೆಗೆ ಸಿಕ್ಕುತ್ತವೆ. ಆ ಸಂದರ್ಭವನ್ನು ನೋಡಿ ನ್ಯಾಯವಲ್ಲದ ರೀತಿಯಲ್ಲಿ ಅವನ್ನು ಪಡೆಯಲು ಯತ್ನಿಸುವುದು ಅತಿಚಾರವೆಂದು ಅವರ ಅಭಿಪ್ರಾಯ. ಒಂದೂವರೆ ಸಾವಿರ ವರ್ಷಗಳ ಹಿಂದಿನ ಆ ಮಹಾನುಭಾವರ ಕಣ್ಣಿಗೆ ಬಿದ್ದಿದ್ದು ರೇಷ್ಮೆಯೋ ರತ್ನವೋ ಇರಬಹುದು. ಆದರೆ ದಂಗೆಯೆದ್ದ ನಾಡಿನಲ್ಲಿ, ದಫ್ತರಗಳು ಸುಟ್ಟುಹೋದ ಊರಿನಲ್ಲಿ, ಜನನದ ದಾಖಲೆಯೇ ಇಲ್ಲದ ಹಳ್ಳಿಯಲ್ಲಿ, ಗಂಡ ಯುದ್ಧಕ್ಕೆ ಹೋಗಿ ಬಾರದಿರುವ ಹೆಣ್ಣಿನ ಮಡಿಲಿನಿಂದ ಅತ್ಯಂತ ಅಗ್ಗವಾಗಿ ಸಿಕ್ಕುವ ಬಹುಮೂಲ್ಯ ವಸ್ತು ಯಾವುದು?

ವಿದೇಶೀ ದತ್ತಕದ ಚರಿತ್ರೆಯನ್ನು ನೋಡಿದರೆ ಈ ಮಾತು ಅತಿಶಯೋಕ್ತಿಯೆನಿಸುವುದಿಲ್ಲ. ೨೦೦೪ರ ಸುಮಾರಿಗೆ ಲೋಕದಲ್ಲಿ ವರ್ಷಕ್ಕೆ ೪೫ ಸಾವಿರದಷ್ಟು ಮಕ್ಕಳು ದತ್ತಕದ ಮೂಲಕ ದೇಶ ದಾಟುತ್ತಿದ್ದರು. ಒಂದು ದೇಶ ಬಿಗಿಮಾಡಿದಾಗ ಬೇಡಿಕೆಯು ಬಿಗಿಯಿಲ್ಲದ ಇನ್ನೊಂದು ದೇಶಕ್ಕೆ ಹರಿಯಿತು. ಹಾಗೆ ಹರಿದು ಬಂದ ನೆಲಗಳಲ್ಲೊಂದು ಇಥಿಯೋಪಿಯಾ. ೨೦೧೦ರಲ್ಲಿ ಅಮೆರಿಕವೊಂದಕ್ಕೇ ಅಲ್ಲಿಂದ ಸುಮಾರು ೨,೫೦೦ ಮಕ್ಕಳು ಹೋದರು. ಒಂದು ಮಗುವನ್ನು ಕರೆತರಲು ದಂಪತಿಗಳಿಗೆ ಹತ್ತಾರು ಸಾವಿರ ಡಾಲರ್ ಖರ್ಚು. ಆ ದೇಶದಲ್ಲಿ ಆಗ ತಲೆಯೊಂದಕ್ಕೆ ವರ್ಷದ ಆದಾಯ ನಾನೂರು ಡಾಲರಿಗೂ ಕಡಿಮೆ. ಇಷ್ಟು ಅಂತರವಿರುವ ಎರಡು ಕೈಗಳ ನಡುವೆ ‘ಕೊಡುವುದು’ ‘ಕೊಳ್ಳುವುದು’ ಎಂಬ ಎರಡು ಕ್ರಿಯಾಪದಗಳನ್ನು ಬೇರೆಬೇರೆಯಾಗಿ ಇಡುವುದು ವ್ಯಾಕರಣದಲ್ಲಿ ಸುಲಭ, ವ್ಯವಹಾರದಲ್ಲಿ ಅಲ್ಲ. ಅಕ್ರಮಗಳ ದೂರು ಹೆಚ್ಚಿ, ೨೦೧೮ರ ಜನವರಿಯಲ್ಲಿ ಇಥಿಯೋಪಿಯಾದ ಸಂಸತ್ತು ವಿದೇಶೀಯರಿಗೆ ದತ್ತು ಕೊಡುವುದನ್ನೇ ನಿಷೇಧಿಸಿತು.

ಇನ್ನೊಂದು ತೊಡಕು ಭಾಷೆಯದು. ಇಥಿಯೋಪಿಯಾದ ಓರೊಮೋ ಜನರಲ್ಲಿ ‘ಗುಡ್ಡಿಫಚಾ’ ಎಂಬ ಪ್ರಾಚೀನವಾದ ದತ್ತಕ ಪದ್ಧತಿಯುಂಟು. ಆಫ್ರಿಕದ ಅನೇಕ ಜನಾಂಗಗಳಲ್ಲಿ ಮಕ್ಕಳನ್ನು ಬಂಧುಗಳಲ್ಲಿಯೋ ಆಪ್ತರಲ್ಲಿಯೋ ಬೆಳೆಯಬಿಡುವ ರೂಢಿಯಿದೆ. ಅಲ್ಲಿ ಮಗು ಎರಡು ಮನೆಗಳಿಗೆ ಸೇರುತ್ತದೆ. ಹೆತ್ತವರೊಡನೆ ಸಂಬಂಧ ಕಡಿದುಹೋಗುವುದಿಲ್ಲ. ಪಾಶ್ಚಾತ್ಯರ ಕಾನೂನಿನಲ್ಲಾದರೋ ಪೂರ್ಣದತ್ತಕವೆಂದರೆ ಹೆತ್ತವಳು ಕಾಗದದ ಮೇಲೆ ಇಲ್ಲವಾಗುತ್ತಾಳೆ. ‘ಮಗು ದೊಡ್ಡ ದೇಶಕ್ಕೆ ಹೋಗಿ ಓದಿ ಬರುವುದು’ ಎಂದು ತಿಳಿದು ಹೆಬ್ಬೆಟ್ಟೊತ್ತಿದ ತಾಯಿ ಕೊಟ್ಟದ್ದು ಒಂದು, ತೆಗೆದುಕೊಂಡವರು ಪಡೆದದ್ದು ಇನ್ನೊಂದು. ಅಳತೆಯ ಕೊಳಗವನ್ನು ಬದಲಿಸಿ ಧಾನ್ಯ ಕೊಂಡವನನ್ನು ನಾವು ಅತಿಚಾರಿಯೆನ್ನುತ್ತೇವೆ. ಅರ್ಥದ ಕೊಳಗವನ್ನು ಬದಲಿಸಿದವನನ್ನು ಏನೆನ್ನೋಣ?

‘ತದಾಹೃತಾದಾನ’ ಎಂಬ ಮತ್ತೊಂದು ಅತಿಚಾರವಿದೆ. ಕಳ್ಳನು ತಂದುದನ್ನು ತೆಗೆದುಕೊಳ್ಳುವುದು. ತಾನು ಕದಿಯಲಿಲ್ಲ, ಕದಿಯೆಂದು ಹೇಳಲೂ ಇಲ್ಲ, ಆದರೂ ವ್ರತಕ್ಕೆ ಮಲಿನತೆ ತಟ್ಟುವುದು. ೨೦೧೫ರಲ್ಲಿ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ರಾಜಧಾನಿ ಕಿನ್ಶಾಸಾದ ಒಂದು ಅನಾಥಾಲಯದಿಂದ ಬೆಲ್ಜಿಯಂ ದೇಶದ ದಂಪತಿಗಳಿಗೆ ದತ್ತುಹೋದ ಮಕ್ಕಳ ಪೈಕಿ ಕೆಲವರ ತಂದೆತಾಯಿಗಳು ದೂರದ ಗೆಮೆನಾ ಪ್ರಾಂತದಲ್ಲಿ ಜೀವಂತವಾಗಿದ್ದರು. ರಜಾಕಾಲದ ಶಿಬಿರವೆಂದು ನಂಬಿಸಿ ಮಕ್ಕಳನ್ನು ಒಯ್ದಿದ್ದರು; ಮಕ್ಕಳು ಹಿಂದಿರುಗಲಿಲ್ಲ. ವರ್ಷಗಳ ಮೇಲೆ ರಕ್ತಸಂಬಂಧದ ಪರೀಕ್ಷೆಯಿಂದ ಸತ್ಯ ಹೊರಬಿದ್ದಿತು. ಆ ದಂಪತಿಗಳ ಸಂಕಟವನ್ನು ಊಹಿಸಿ ನೋಡಿ. ಅವರು ಸರ್ಕಾರದ ಮುದ್ರೆಯಿದ್ದ ಕಾಗದಗಳನ್ನೇ ನಂಬಿದ್ದರು. ಉಗಾಂಡದಲ್ಲಿಯೂ ದೂರದ ಹಳ್ಳಿಗಳ ಮಕ್ಕಳನ್ನು ವಿದ್ಯಾಭ್ಯಾಸದ ಆಸೆ ತೋರಿಸಿ ಕಂಪಾಲಾಕ್ಕೆ ತಂದು, ಅಲ್ಲಿಂದ ಅಮೆರಿಕಕ್ಕೆ ದತ್ತುಕೊಟ್ಟ ಹಗರಣದಲ್ಲಿ ಇಬ್ಬರು ನ್ಯಾಯಾಧೀಶರ ಮೇಲೆಯೇ ಅಮೆರಿಕ ಸರ್ಕಾರ ೨೦೨೦ರಲ್ಲಿ ನಿರ್ಬಂಧ ಹೇರಿತು. ನ್ಯಾಯಪೀಠದ ಮುದ್ರೆಯೇ ಪ್ರತಿರೂಪಕ ವ್ಯವಹಾರವಾದ ಮೇಲೆ ಸಾಮಾನ್ಯ ಗೃಹಸ್ಥನು ‘ಕಾಗದ ಸರಿಯಾಗಿತ್ತು’ ಎಂದು ನಿದ್ರಿಸುವುದು ಹೇಗೆ?

ಇಲ್ಲಿ ಸ್ವಾಧ್ಯಾಯ ಮಾಡಿದ ವಾಚಕರೊಬ್ಬರು ಪೂರ್ವಪಕ್ಷವನ್ನೆತ್ತಬಹುದು. ಅನ್ಯತ್ವಾನುಪ್ರೇಕ್ಷೆಯನ್ನು ಭಾವಿಸುವವರಿಗೆ ತಾಯಿಯಾರು, ಮಗುವಾರು? ಅನಾದಿ ಸಂಸಾರದಲ್ಲಿ ಈ ಜೀವಕ್ಕೆ ತಾಯಿಯಾಗದ ಜೀವವೇ ಇಲ್ಲವೆಂದಮೇಲೆ, ಒಂದು ಭವದ ಹೆತ್ತವಳನ್ನು ಹಿಡಿದು ಇಷ್ಟು ವಿಚಾರವೇಕೆ? ಜೀವವು ಯಾರ ಸೊತ್ತೂ ಅಲ್ಲವಾದರೆ ಅದನ್ನು ಕದಿಯುವುದೆಂಬ ಮಾತಿಗೇ ಅರ್ಥವೆಲ್ಲಿ? ಮಾತು ಜಾಣತನದ್ದು. ಆದರೆ ನಿಶ್ಚಯನಯವನ್ನು ಹೀಗೆ ಬಳಸುವುದಾದರೆ ಚಿನ್ನ ಕದ್ದವನೂ ‘ಪುದ್ಗಲಕ್ಕೆ ಒಡೆಯರಾರು?’ ಎಂದು ಕೇಳಿಯಾನು. ಅನುಪ್ರೇಕ್ಷೆಯಿರುವುದು ನನ್ನ ಮಮಕಾರವನ್ನು ಕಡಿಯಲು, ಇನ್ನೊಬ್ಬಳ ಮಡಿಲನ್ನು ಬರಿದು ಮಾಡಲು ಅಲ್ಲ. ಮೇಲಾಗಿ, ಮಗು ತಾಯಿಯ ಸೊತ್ತಲ್ಲವೆಂಬುದು ನಿಜವಾದರೂ ತಾಯಿ, ಅಜ್ಜಿ, ಅಣ್ಣತಮ್ಮಂದಿರು, ಭಾಷೆ, ಹೆಸರು ಇವು ವ್ಯವಹಾರದಲ್ಲಿ ಮಗುವಿಗೆ ಸೇರಿದವು. ಕೇಳಿ ಪಡೆಯದೆ ಅವನ್ನು ಅದರಿಂದ ತೆಗೆದವನು ಅದತ್ತವನ್ನು ತೆಗೆದಂತೆಯೇ. ಇಲ್ಲಿ ಕಳವಿಗೆ ಗುರಿಯಾದದ್ದು ತಾಯಿಗಿಂತ ಹೆಚ್ಚಾಗಿ ಮಗುವೇ.

ಇದಕ್ಕಿಂತ ಬಲವಾದ ಪೂರ್ವಪಕ್ಷ ಇನ್ನೊಂದಿದೆ; ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ನೀವು ಹೀಗೆ ದತ್ತಾದತ್ತ ವಿಚಾರ ಮಾಡುತ್ತ ಕುಳಿತಿರುವಾಗ ಅಲ್ಲಿ ಹಸಿದ ಮಗು ಸತ್ತುಹೋದರೆ ಆ ಹಿಂಸೆ ಯಾರದು? ಕಾಂಗೋ ಸರ್ಕಾರವು ೨೦೧೩ರ ಸೆಪ್ಟೆಂಬರಿನಲ್ಲಿ ದತ್ತುಮಕ್ಕಳು ದೇಶಬಿಡುವ ಅನುಮತಿಪತ್ರಗಳನ್ನು ಒಮ್ಮೆಲೇ ನಿಲ್ಲಿಸಿದಾಗ, ನ್ಯಾಯಾಲಯದಲ್ಲಿ ಆಗಲೇ ದತ್ತಕ ಪೂರೈಸಿದ್ದ ನೂರಾರು ಮಕ್ಕಳು ಎರಡು ವರ್ಷಗಳಿಗೂ ಮೀರಿ ಅಲ್ಲಿಯೇ ಉಳಿದರು. ೨೦೧೬ರಲ್ಲಿ ಮಾತ್ರ ಬಾಗಿಲು ತೆರೆಯಿತು. ಅವರೆಲ್ಲ ಕದ್ದ ಮಕ್ಕಳಾಗಿರಲಿಲ್ಲ. ನಿಜವಾಗಿಯೂ ಯಾರೂ ಇಲ್ಲದವರು, ರೋಗಿಗಳು ಅವರಲ್ಲಿದ್ದರು. ಎಚ್ಚರಕ್ಕೂ ಬೆಲೆಯಿದೆ, ಅದನ್ನು ತೆರುವವರು ನಾವಲ್ಲ, ಆ ಮಕ್ಕಳು. ಈ ಆಕ್ಷೇಪವನ್ನು ಪೂರ್ತಿ ಪರಿಹರಿಸುವ ಉತ್ತರ ನನ್ನಲ್ಲಿಲ್ಲ, ಶಾಸ್ತ್ರಪುಟಗಳಲ್ಲಿಯೂ ನನಗೆ ಕಂಡಿಲ್ಲ. ಆದರೆ ಉಳಿಸುವುದೂ ತನ್ನದಾಗಿಸಿಕೊಳ್ಳುವುದೂ ಒಂದೇ ಅಲ್ಲವೆಂಬುದನ್ನು ಹೇಳಬಲ್ಲೆ.

೧೯೬೭ರಿಂದ ೧೯೭೦ರವರೆಗೆ ನೈಜೀರಿಯದಲ್ಲಿ ಬಯಾಫ್ರ ಯುದ್ಧ ನಡೆದಾಗ ಎಲುಬುಗೂಡಾಗಿದ್ದ ಸಾವಿರಾರು ಮಕ್ಕಳನ್ನು ವಿಮಾನಗಳಲ್ಲಿ ಗಾಬೊನ್, ಐವರಿ ಕೋಸ್ಟ್ ಮೊದಲಾದ ದೇಶಗಳಿಗೆ ಸಾಗಿಸಿ ಅನ್ನ ಔಷಧಗಳಿಂದ ಬದುಕಿಸಿದರು. ಯುದ್ಧ ಮುಗಿದ ಮೇಲೆ ೧೯೭೦–೭೧ರಲ್ಲಿ ಅವರನ್ನು ತಾಯ್ನಾಡಿಗೆ ಹಿಂದಕ್ಕೆ ಕರೆತಂದು ಮನೆಯವರನ್ನು ಹುಡುಕಿ ಒಪ್ಪಿಸಿದರು. ೧೯೯೪ರಲ್ಲಿ ರ‍್ವಾಂಡದಲ್ಲಿ ಲಕ್ಷಾಂತರ ಜನರ ಕೊಲೆಯಾದ ತರುವಾಯ ದಿಕ್ಕುತಪ್ಪಿದ ಮಕ್ಕಳ ಛಾಯಾಚಿತ್ರಗಳನ್ನು ನಿರಾಶ್ರಿತರ ಶಿಬಿರಗಳಲ್ಲಿ ಪ್ರದರ್ಶಿಸಿ ಬಂಧುಗಳನ್ನು ಪತ್ತೆಹಚ್ಚಿದರು. ಹತ್ತಾರು ಸಾವಿರ ಮಕ್ಕಳು ಹೀಗೆ ತಮ್ಮವರನ್ನು ಸೇರಿದರು. ವಿಧವೆಯರಾಗಿ ತಮ್ಮ ಮಕ್ಕಳನ್ನೂ ಕಳೆದುಕೊಂಡಿದ್ದ ಎಷ್ಟೋ ಹೆಂಗಸರು ಯಾರದೋ ಮಕ್ಕಳನ್ನು ಎತ್ತಿಕೊಂಡು ಸಾಕಿದರು. ಚತುರ್ವಿಧ ದಾನಗಳಲ್ಲಿ ಆಹಾರ, ಔಷಧ, ಅಭಯಗಳು ಇಲ್ಲಿ ನಡೆದವು. ದಾನ ಕೊಟ್ಟವನು ಪಾತ್ರನನ್ನೇ ಮನೆಗೆ ಒಯ್ಯಲಿಲ್ಲ.

ನಮ್ಮ ಪುರಾಣದಲ್ಲಿಯೇ ವಿರುದ್ಧರಾಜ್ಯದ ಮಗುವೊಂದರ ಕಥೆಯಿದೆ. ವಾದೀಭಸಿಂಹರ ಕ್ಷತ್ರಚೂಡಾಮಣಿಯಲ್ಲಿ, ಕನ್ನಡದಲ್ಲಿ ಭಾಸ್ಕರ ಕವಿಯ ೧೪೨೪ರ ಜೀವಂಧರಚರಿತೆಯಲ್ಲಿ ಅದನ್ನು ಓದದ ಮನೆಗಳು ಹಿಂದೆ ಕಡಿಮೆ. ಮಂತ್ರಿ ಕಾಷ್ಠಾಂಗಾರ ದ್ರೋಹವೆಸಗಿ ರಾಜ ಸತ್ಯಂಧರನನ್ನು ಕೊಂದಾಗ, ಮಯೂರಯಂತ್ರವೇರಿ ತಪ್ಪಿಸಿಕೊಂಡ ರಾಣಿ ವಿಜಯೆ ಶ್ಮಶಾನದಲ್ಲಿ ಹೆತ್ತಳು. ತೀರಿಕೊಂಡ ತನ್ನ ಶಿಶುವನ್ನು ಒಪ್ಪಿಸಲು ಅಲ್ಲಿಗೆ ಬಂದ ವೈಶ್ಯ ಗಂಧೋತ್ಕಟ ಈ ಮಗುವನ್ನು ಕಂಡು ಎತ್ತಿಕೊಂಡ. ಇದಕ್ಕಿಂತ ಅನಾಥವಾದ ಮಗು, ಇದಕ್ಕಿಂತ ಬರಿದಾದ ಮಡಿಲು ಎಲ್ಲಿದೆ? ಆದರೂ ಕವಿಗಳು ಎಚ್ಚರ ತಪ್ಪಿಲ್ಲ. ತಾಯಿ ತಾನಾಗಿ ಮಗುವನ್ನು ಅಲ್ಲಿರಿಸಿ ಮರೆಯಲ್ಲಿ ನಿಂತಿದ್ದಳು. ಯಾರ ಕೈಗೆ ಹೋಯಿತೆಂದು ಕಣ್ಣಾರೆ ಕಂಡಳು. ದತ್ತವೆಂದರೆ ಇದು. ಗಂಧೋತ್ಕಟನ ನಡತೆಯಲ್ಲಿ ನನಗೆ ಸದಾ ಮುಳ್ಳಿನಂತೆ ಚುಚ್ಚುವ ಅಂಶವೊಂದುಂಟು. ಬದುಕಿದ್ದ ಮಗುವನ್ನೇ ಸತ್ತಿತೆಂದೆಯಲ್ಲಾ ಎಂದು ಹೆಂಡತಿ ಸುನಂದೆಯನ್ನು ಗದರಿಸಿ, ಅವಳಿಂದ ಸತ್ಯವನ್ನು ಬಚ್ಚಿಟ್ಟ. ಕಾರಣ ರಾಜಭಯವಿದ್ದೀತು. ಆದರೆ ಬಚ್ಚಿಟ್ಟ ಸತ್ಯವನ್ನು ಆರ್ಯನಂದಿ ಗುರುಗಳು ಜೀವಂಧರನಿಗೆ ಒಂದು ದಿನ ಹೇಳಲೇಬೇಕಾಯಿತು. ಅವನು ದಂಡಕಾರಣ್ಯದಲ್ಲಿ ತಾಯಿಯನ್ನು ಕಾಣಲೇಬೇಕಾಯಿತು. ಕಂಡಮೇಲೂ ಗಂಧೋತ್ಕಟನು ಅವನಿಗೆ ತಂದೆಯಾಗಿಯೇ ಉಳಿದ.

ಈಗಿನ ಕಾನೂನುಗಳೂ ತಡವಾಗಿಯಾದರೂ ಇದೇ ದಿಕ್ಕಿಗೆ ಬಂದಿವೆ. ೧೯೯೦ರ ಆಫ್ರಿಕದ ಮಕ್ಕಳ ಸನ್ನದು ಪರದೇಶದ ದತ್ತಕವನ್ನು ಕಟ್ಟಕಡೆಯ ಉಪಾಯವೆಂದಿತು. ಭಾರತವು ೨೦೦೩ರಲ್ಲಿ ಸೇರಿದ ೧೯೯೩ರ ಹೇಗ್ ಒಪ್ಪಂದವು, ಮಗುವಿಗೆ ಹುಟ್ಟಿದ ದೇಶದಲ್ಲಿಯೇ ನೆಲೆ ಸಿಕ್ಕುವುದೇ ಎಂದು ಮೊದಲು ನೋಡಬೇಕೆಂದೂ, ಹೆತ್ತವರ ಒಪ್ಪಿಗೆ ಹಣದಿಂದ ಪಡೆದುದಾಗಿರಬಾರದೆಂದೂ, ತಾಯಿಯ ಒಪ್ಪಿಗೆಯನ್ನು ಹೆರಿಗೆಯ ಮೇಲೆಯೇ ಪಡೆಯಬೇಕೆಂದೂ ವಿಧಿಸಿದೆ. ನಮ್ಮ ದೇಶದ ಮಕ್ಕಳು ಹೊರಗೆ ಹೋಗುತ್ತಿದ್ದ ಕಾಲದಲ್ಲಿ ಸುಪ್ರೀಂ ಕೋರ್ಟು ೧೯೮೪ರಲ್ಲಿ ಲಕ್ಷ್ಮೀಕಾಂತ ಪಾಂಡೆ ಮೊಕದ್ದಮೆಯಲ್ಲಿ ಇಂಥವೇ ಕಟ್ಟಳೆಗಳನ್ನು ಹಾಕಿತ್ತು. ಕೊಟ್ಟ ನಾಡಿನವರ ನೋವು ನಮಗೆ ಅಪರಿಚಿತವೇನಲ್ಲ.

ಹಾಗಾದರೆ ಆ ದಂಪತಿಗಳು ಏನು ಮಾಡಬೇಕು? ಬೇಡವೆಂದು ನಾನು ಬರೆಯಲಿಲ್ಲ. ಯುದ್ಧ ನಡೆಯುತ್ತಿರುವಾಗ ಹೊರಡಬಾರದೆಂದು ಬರೆದೆ. ತನ್ನವರನ್ನು ಹುಡುಕಿ ಮುಗಿಯುವವರೆಗೆ ಯಾವ ಮಗುವೂ ಅನಾಥವಲ್ಲವೆಂದು ತಿಳಿಯಬೇಕೆಂದೂ, ಶಿಶುವೇ ಬೇಕೆಂಬ ಹಟ ಬಿಡಬೇಕೆಂದೂ ಬರೆದೆ. ಯಾರೂ ಕೇಳದೆ ಉಳಿದಿರುವವರು ಎಂಟು ಹತ್ತು ವರ್ಷದವರು, ಅಂಗವಿಕಲರು, ಒಡಹುಟ್ಟಿದವರನ್ನು ಬಿಟ್ಟು ಬರಲೊಲ್ಲದವರು. ಅನುಕಂಪೆಯಿಂದ ಹೊರಟವನಿಗೆ ಇವರೂ ಆದಾರು. ವಾರಸುದಾರನಿಗಾಗಿ ಹೊರಟವನಿಗೆ ಆಗರು. ತಮ್ಮ ಅಂತರಂಗವನ್ನು ಅವರೇ ಇದರಿಂದ ತೂಗಿಕೊಳ್ಳಲಿ. ಅಷ್ಟರಲ್ಲಿ ಉದ್ಯಾಪನೆಗೆಂದು ಎತ್ತಿಟ್ಟ ಹಣವು ಮೊಮ್ಮಗುವನ್ನು ಸಾಕುತ್ತಿರುವ ಯಾವುದೋ ಅಜ್ಜಿಯ ಒಲೆಯನ್ನು ಉರಿಸಲಿ. ಅನಾಥಾಲಯ ಕಟ್ಟಿಸುವುದಕ್ಕಿಂತ ಅದು ಮೇಲು. ಅನಾಥಾಲಯ ಕಟ್ಟಿದ ಮೇಲೆ ಅದನ್ನು ತುಂಬಲು ಅನಾಥರನ್ನು ಹುಡುಕುವ ಚಪಲ ತಾನಾಗಿ ಹುಟ್ಟುತ್ತದೆ.

ಇಷ್ಟೆಲ್ಲ ಆಗಿ, ಒಂದು ದಿನ ನ್ಯಾಯವಾಗಿ ಒಂದು ಮಗು ಅವರ ಮನೆಗೆ ಬಂದರೆ, ಅದರ ಹೆಸರನ್ನು ಅಳಿಸಕೂಡದು. ಜಿನನಾಮವನ್ನೂ ಇಡಲಿ, ಹಳೆಯ ಹೆಸರನ್ನೂ ಉಳಿಸಲಿ. ಚಾಡಿನ ಆ ೧೦೩ ಮಕ್ಕಳಲ್ಲಿ ಒಂದೆರಡು ವರ್ಷದ ಕೂಸುಗಳೂ ಇದ್ದವು. ತಮ್ಮ ಹಳ್ಳಿ ಯಾವುದೆಂದು ಹೇಳಲು ಅವಕ್ಕೆ ಬಾಯಿರಲಿಲ್ಲ. ಜೀವಂಧರನ ಬೆರಳಿನಲ್ಲಿ ತಾಯಿ ತೊಡಿಸಿದ ಮುದ್ರೆಯುಂಗುರವಿತ್ತು. ಈ ಮಕ್ಕಳಿಗೆ ಉಂಗುರವಿಲ್ಲ. ಊರಿನ ಹೆಸರು, ತಾಯಿಯ ಹೆಸರು, ಒಂದು ಛಾಯಾಚಿತ್ರ, ಆ ಭಾಷೆಯ ನಾಲ್ಕು ಮಾತು, ಇಷ್ಟನ್ನಾದರೂ ಒಂದು ಪುಸ್ತಕದಲ್ಲಿ ಬರೆದು ಮಗುವಿನ ಕೈಗೆಟುಕುವ ಕಡೆ ಇಟ್ಟಿರಬೇಕು.